ಕುಂಡದ ಅರಳಿಗೆ ಪುಸ್ತಕದ ಮದ್ದು

ಈ ನೌಕರಿಗೆ ಹೊಸದಾಗಿ ಸೇರುವವರು ಮೊದಲು ತಿಳಿದುಕೊಳ್ಳಬೇಕಾದದ್ದು ಪ್ಲಾಸ್ಟಿಕ್ ಕವರಿನ ವಿಷಯ. ಸಿರುಗುಪ್ಪದ ಕಡೆಯ ರೈತ ಬೆಳಿಗ್ಗೆ ಎಲೆ ಕಿತ್ತು ಕವರಿನಲ್ಲಿ ಹಾಕಿ, ಬಾಯಿಗೆ ಗಂಟು ಬಿಗಿದು, ಅಂಗಿಯ ಕಿಸೆಯಲ್ಲಿಟ್ಟು ಬಸ್ ಹತ್ತುತ್ತಾನೆ. ದಾರಿಯಲ್ಲಿ ಇಳಿದು ಚಹಾ ಕುಡಿಯುತ್ತಾನೆ, ಬೀಗರ ಮನೆಗೆ ಹೋಗುತ್ತಾನೆ, ಬ್ಯಾಂಕಿಗೆ ಹೋಗುತ್ತಾನೆ, ಕಡೆಗೆ ನಿಮ್ಮ ಮೇಜಿನ ಮೇಲೆ ಆ ಗಂಟು ಬಿಚ್ಚುತ್ತಾನೆ. ಒಳಗೆ ಇರುವುದು ಬೇಯಿಸಿದ ಸೊಪ್ಪು. ‘ನೋಡಿ ಹೇಳ್ರಿ, ಏನು ರೋಗ?’ ಅನ್ನುತ್ತಾನೆ. ನೀವು ಎಷ್ಟೇ ದೊಡ್ಡ ಪದವಿ ಪಡೆದಿದ್ದರೂ ಬೇಯಿಸಿದ ಸೊಪ್ಪಿಗೆ ಒಗ್ಗರಣೆ ಹಾಕಬಹುದೇ ಹೊರತು ರೋಗ ಹೇಳಲಾಗುವುದಿಲ್ಲ. ಕಾಗದದಲ್ಲಿ ಸುತ್ತಿ ತನ್ನಿ, ಬುಡಸಮೇತ ಒಂದು ಗಿಡ ತನ್ನಿ ಎಂದು ನಾನು ಸೇರಿದ ದಿನದಿಂದ ನಿವೃತ್ತಿಯಾಗುವ ದಿನದವರೆಗೂ ಹೇಳಿದೆ. ನಿವೃತ್ತಿಯ ದಿನ ನನಗೆ ಹಾರ ಹಾಕುವಾಗಲೂ ಒಬ್ಬರು ಕವರು ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಸಸ್ಯ ಸಂರಕ್ಷಣೆ ಎಂದು ನಮ್ಮ ಕಚೇರಿಯ ಬೋರ್ಡಿನ ಮೇಲೆ ಬರೆದಿತ್ತು. ಜನ ಅದನ್ನು ‘ಗಿಡದ ದವಾಖಾನಿ’ ಅನ್ನುತ್ತಿದ್ದರು. ದವಾಖಾನೆ ಎಂದ ಮೇಲೆ ಔಷಧ ಬರೆದುಕೊಡಬೇಕು. ಬರೆದುಕೊಡದ ಡಾಕ್ಟರು ಡಾಕ್ಟರೇ ಅಲ್ಲ. ಇದೇ ನನ್ನ ವೃತ್ತಿಜೀವನದ ಜಗಳ.

ನಾನು ಸುಜಾತಾ. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ಪುಕ್ಕಟೆ ಕೊಟ್ಟದ್ದಲ್ಲ ಅದು. ನಮ್ಮವ್ವ ಸಿರುಗುಪ್ಪದ ಕಾಲುವೆ ಗದ್ದೆಗಳಲ್ಲಿ ನಾಟಿ ಹಚ್ಚಿದವಳು. ಕೃಷಿ ಪದವಿ ತೆಗೆದುಕೊಂಡು ನಾನು ಮೊದಲ ಪೋಸ್ಟಿಂಗಿಗೆ ಅದೇ ಸಿರುಗುಪ್ಪಕ್ಕೆ ಹೋದೆ. ಹೆಗಲಿಗೆ ಚೀಲ ಹಾಕಿಕೊಂಡು ಊರೊಳಗೆ ನಡೆದರೆ ಹೆಂಗಸರು ‘ಸಿಸ್ಟರ್ ಬಂದ್ರು’ ಎಂದು ಕೂಸುಗಳನ್ನು ಎತ್ತಿಕೊಂಡು ಬರುತ್ತಿದ್ದರು, ಲಸಿಕೆ ಹಾಕಿಸಲು. ನಾನು ಗಿಡದ ಕಡೆಯವಳು ಎಂದರೆ ನಿರಾಸೆಯಾಗಿ ತಿರುಗಿ ಹೋಗುತ್ತಿದ್ದರು. ಗಂಡಸರಿಗೆ ನಾನು ‘ಅಕ್ಕೋರು’, ಅಂದರೆ ಟೀಚರು. ಸಾಲಿ ಅಕ್ಕೋರು ಬೇರೆ, ಗಿಡದ ಅಕ್ಕೋರು ಬೇರೆ.

ಅಲ್ಲಿ ಒಂದು ಕ್ಯಾಂಪಿನಲ್ಲಿ, ಅಂದರೆ ಕಾಲುವೆ ಬಂದ ಮೇಲೆ ಹುಟ್ಟಿದ ಹಳ್ಳಿಯಲ್ಲಿ, ತಿಮ್ಮಪ್ಪ ಎಂಬ ರೈತ. ಭತ್ತಕ್ಕೆ ಕಂದು ಜಿಗಿಹುಳು ಬಿದ್ದಿತ್ತು. ಆ ಭಾಗದಲ್ಲಿ ತೆಲುಗಿನಿಂದ ಬಂದ ಮಾತು, ‘ದೋಮ’ ಅನ್ನುತ್ತಾರೆ. ಗದ್ದೆಯ ನಡುವೆ ಚಕ್ರ ಚಕ್ರವಾಗಿ ಬೆಂಕಿ ಬಿದ್ದ ಹಾಗೆ ಪೈರು ಒಣಗಿತ್ತು. ತಿಮ್ಮಪ್ಪ ಆಗಲೇ ಎರಡು ಬಗೆಯ ಎಣ್ಣೆ ಹೊಡೆದಿದ್ದ. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಎಂದೇ ಹೆಸರು. ನಾನು ಸೀರೆ ಎತ್ತಿ ಕಟ್ಟಿ ಗದ್ದೆಗಿಳಿದೆ.

‘ಅಕ್ಕೋರ, ಕೆಸರೈತ್ರಿ,’ ಎಂದ ತಿಮ್ಮಪ್ಪ ಬದುವಿನ ಮೇಲೆ ನಿಂತು.

‘ಗದ್ದಿಯಾಗ ಮತ್ತೇನಿರತೈತಿ? ಬಾ ಇಲ್ಲಿ, ಬುಡ ಬಗ್ಗಿಸಿ ನೋಡು.’

ಹುಳು ಎಲ್ಲಾ ಬುಡದಲ್ಲಿ, ನೀರಿಗಿಂತ ಚೂರು ಮೇಲೆ ಮುತ್ತಿಕೊಂಡಿತ್ತು. ಅವನು ಹೊಡೆದ ಎಣ್ಣೆ ತೆನೆಯ ತುದಿಗೆ ಬಿದ್ದಿತ್ತು. ಬುಡದಲ್ಲಿ ಕುಳಿತ ಹುಳುವಿಗೆ ಮೇಲೆ ಮಳೆ ಬಂದು ಹೋದ ಹಾಗೆ. ನಾನು ಹೇಳಿದೆ, ಮೂರನೇ ಸಲ ಹೊಡೆಯಬೇಡ, ಗದ್ದೆಯ ನೀರು ಬಸಿದು ಬಿಡು, ನೆಲ ಆರಲಿ, ಸಾಲು ಬಗ್ಗಿಸಿ ಗಾಳಿ ಆಡುವ ಹಾಗೆ ಮಾಡು, ಯೂರಿಯಾ ನಿಲ್ಲಿಸು.

ತಿಮ್ಮಪ್ಪ ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದ. ‘ಕಾಲುವಿ ನೀರು ಬಿಡಸ್ಕೊಳ್ಳಾಕ ನಾ ಕಂಡೋರ ಕಾಲು ಹಿಡದೀನಿ. ಬಂದ ನೀರು ಹೊರಗ ಬಿಡಂತೀರಿ. ಎಣ್ಣಿ ಹೊಡಿಬ್ಯಾಡ ಅಂತೀರಿ. ಏನೂ ಮಾಡಬ್ಯಾಡ ಅಂತ ಹೇಳಾಕ ನಿಮಗ ಗೌರ್ಮೆಂಟು ಪಗಾರ ಕೊಡತೈತೇನ್ರಿ?’

ಆ ಪ್ರಶ್ನೆಗೆ ಉತ್ತರ ‘ಹೌದು’ ಎಂದು. ಅದನ್ನು ಅವತ್ತು ಹೇಳಲಿಲ್ಲ. ತಿಮ್ಮಪ್ಪ ಕಡೆಗೆ ಏನು ಮಾಡಿದ ಗೊತ್ತೇ? ಬಸ್ಸಿನ ರಸ್ತೆಗೆ ಹತ್ತಿದ ಒಂದು ಮಡಿಯ ನೀರು ಮಾತ್ರ ಬಸಿದ. ನಾನು ಬಸ್ಸಿನಲ್ಲಿ ಹೋಗುವಾಗ ಕಾಣಲಿ ಎಂದು. ಆ ಮಡಿ ಉಳಿಯಿತು, ಒಳಗಿನವು ಸುಟ್ಟು ಹೋದವು. ಮರು ವರ್ಷ ಕಂಡಾಗ, ‘ರೋಡಿನ ಪಕ್ಕದ ಮಣ್ಣು ಛಲೋ ಐತ್ರಿ ಅಕ್ಕೋರ’ ಎಂದ. ನನಗೆ ತೋರಿಸಲೆಂದೇ ಯಾರೂ ನೀರು ಬಸಿಯದಿರಲಿ ಎಂದು, ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಬಿಟ್ಟು ಕೂರುವುದನ್ನು ಅಂದು ಕಲಿತೆ.

ಅಲ್ಲಿಂದ ಕುರುಗೋಡಿಗೆ ಹಾಕಿದರು. ಮೆಣಸಿನಕಾಯಿಯ ಊರು. ಅಲ್ಲಿ ನನಗೆ ಎದುರಾದದ್ದು ಇನ್ನೊಂದು ಬಗೆಯ ಮನುಷ್ಯ: ಪುಸ್ತಕ ಓದುವ ರೈತ. ಆಗ ನಮ್ಮ ಕಚೇರಿಯಿಂದ ಮೆಣಸಿನ ಕೀಟ ಮತ್ತು ರೋಗಗಳ ಬಗ್ಗೆ ಒಂದು ಪುಸ್ತಿಕೆ ಬಂದಿತ್ತು. ಅದರಲ್ಲಿ ‘ಅಂತರ್ವ್ಯಾಪಿ’, ‘ಸ್ಪರ್ಶನಾಶಕ’ ಎಂಬ ಮಾತುಗಳು. ನಾನೇ ಪದವಿ ಪುಸ್ತಕ ತೆಗೆದು ಅರ್ಥ ನೋಡಬೇಕಾಯಿತು. ಅಂಥ ಪುಸ್ತಕವನ್ನು ಸಣ್ಣ ಈರಪ್ಪ ಎಂಬಾತ ಕವರಿನಲ್ಲಿ ಸುತ್ತಿ, ಪಂಪ್‌ಸೆಟ್ ಶೆಡ್ಡಿನ ಮೊಳೆಗೆ ತೂಗುಹಾಕಿ, ದಿನಾ ಕೈ ತೊಳೆದುಕೊಂಡು ಓದುತ್ತಿದ್ದ. ನನಗೆ ಎಷ್ಟು ಖುಷಿಯಾಯಿತೆಂದರೆ, ಇಂಥವರು ಹತ್ತು ಜನ ಇದ್ದರೆ ಸಾಕು ಎಂದುಕೊಂಡೆ.

ಹೊಲಕ್ಕೆ ಹೋಗಿ ನೋಡಿದೆ. ಗಿಡಗಳೆಲ್ಲ ಮುಟುರಿಕೊಂಡು, ಎಲೆ ದೋಣಿಯ ಹಾಗೆ ಮಡಚಿ ನಿಂತಿದ್ದವು.

‘ಈರಪ್ಪ, ಏನೇನು ಹೊಡದೀಯಪ್ಪ?’

‘ಪುಸ್ತಕದಾಗಿನ್ವು ಎಲ್ಲಾ.’

‘ಎಲ್ಲಾ ಅಂದ್ರ?’

‘ಮೊದಲನೇ ಪುಟದಿಂದ ಹಿಡದು. ಈಗ ಕಾಯಿ ಕೊಳೆ ರೋಗದ ಪುಟಕ್ಕ ಬಂದೀನಿ. ಇನ್ನ ಎರಡು ಪುಟ ಐತಿ.’

ನಾನು ಬದುವಿನ ಮೇಲೆ ಕುಳಿತೆ. ‘ರೋಗ ಬಂದರೆ ಹೊಡೀರಿ ಅಂತಲ್ಲೇನು ಬರದಿರೋದು?’

‘ಬರೋಮಟ ಕಾಯಬೇಕೇನ್ರಿ? ಬಂದ ಮ್ಯಾಲ ಹೊಡದ್ರ ಅದು ಹೋಕ್ಕೈತೇನು?’

ಅವನು ಪುಸ್ತಕವನ್ನು ವ್ರತದ ಹಾಗೆ ಹಿಡಿದಿದ್ದ. ಅಧ್ಯಾಯ ಬಿಡಬಾರದು, ನಡುವೆ ನಿಲ್ಲಿಸಬಾರದು. ಹುಳುವನ್ನು ತಿನ್ನುವ ಹುಳುಗಳೂ ಆ ಎಣ್ಣೆಗೆ ಸತ್ತು, ನುಸಿ ಬೇಕಾದಂತೆ ಬೆಳೆದಿತ್ತು. ಇದನ್ನು ವಿವರಿಸಿದೆ. ಈರಪ್ಪ ತಾಳ್ಮೆಯಿಂದ ಕೇಳಿ, ‘ಇದನ್ನ ಪುಸ್ತಕದಾಗ ಯಾಕ ಬರದಿಲ್ಲ?’ ಎಂದ. ಯಾಕೆ ಬರೆದಿಲ್ಲ ಎಂದು ನಾನೂ ಆಮೇಲೆ ಕಚೇರಿಯ ಸಭೆಯಲ್ಲಿ ಕೇಳಿದೆ. ಟೀ ಬಂತು, ಸಭೆ ಮುಗಿಯಿತು.

ಕಾಲ ಬದಲಾಯಿತು, ಪದ್ಧತಿ ಬದಲಾಯಿತು. ಬೆನ್ನಿನ ಕೈಪಂಪು ಹೋಗಿ ಬ್ಯಾಟರಿ ಪಂಪು ಬಂತು. ಎಲೆಯ ಬದಲು ಎಲೆಯ ಫೋಟೋ ಬಂತು. ಕವರಿನ ಕಾಟ ತಪ್ಪಿತು ಎಂದು ನಾನು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ, ಫೋಟೋ ನೋಡಿ ರೋಗ ಹೇಳುವ ಆ್ಯಪ್ ಬಂತು. ಅದಕ್ಕೆ ಯಾವ ಎಲೆ ತೋರಿಸಿದರೂ ಒಂದು ರೋಗದ ಹೆಸರು ಹೇಳಿಯೇ ತೀರುತ್ತದೆ. ‘ಇದಕ್ಕೇನೂ ಆಗಿಲ್ಲ, ಮನೆಗೆ ಹೋಗು’ ಎಂದು ಅದು ಹೇಳಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಹಾಗೆ ನೋಡಿದರೆ ನಮ್ಮ ಕಚೇರಿಯೂ ಹೇಳುತ್ತಿರಲಿಲ್ಲ.

ಕೊನೆಯ ವರ್ಷಗಳಲ್ಲಿ ನಾನು ಬಳ್ಳಾರಿಯಲ್ಲಿದ್ದೆ. ಆಗ ನಮಗೆ ಮೇಲಧಿಕಾರಿ ಮಂಜುನಾಥ ಸಾಹೇಬರು. ನನಗಿಂತ ಚಿಕ್ಕವರು, ಚುರುಕಿನವರು, ಕೆಟ್ಟವರಲ್ಲ. ಒಂದು ಕಾಯಿಲೆ ಇತ್ತು ಅವರಿಗೆ: ಯಾವುದನ್ನೂ ಇದ್ದ ಹಾಗೆ ಬಿಡಲು ಅವರಿಂದ ಆಗುತ್ತಿರಲಿಲ್ಲ. ನೇರವಾಗಿರುವ ಫೈಲನ್ನು ಮತ್ತೆ ನೇರ ಮಾಡುವರು. ಮನೆಯಂಗಳದ ಮತ್ತು ಕುಂಡದ ಗಿಡಗಳ ಆರೈಕೆಗೆ ಒಂದು ಕೈಪಿಡಿ ಬರೆಯಲು ನನಗೆ ಹೇಳಿದರು. ಊರಿನಲ್ಲಿ ಎಲ್ಲರೂ ತಾರಸಿಯ ಮೇಲೆ ಗಿಡ ಇಡುತ್ತಿದ್ದ ಕಾಲ. ಬೋನ್ಸಾಯಿ ಮಾಡುವವರ ಒಂದು ಗುಂಪೂ ಇತ್ತು. ನಾನು ಮನಸ್ಸಿಟ್ಟು ಬರೆದೆ. ಹಿಟ್ಟು ತಿಗಣೆ, ಬೂದಿ ರೋಗ, ಬೇರು ಕೊಳೆ ಎಲ್ಲಾ ಬರೆದು, ಕಡೆಗೆ ‘ಇದು ರೋಗವಲ್ಲ’ ಎಂದು ಒಂದು ಅಧ್ಯಾಯ ಸೇರಿಸಿದೆ. ಕರಿಬೇವು ಚಳಿಗಾಲದಲ್ಲಿ ಸುಮ್ಮನೆ ನಿಲ್ಲುತ್ತದೆ, ಅದು ರೋಗವಲ್ಲ. ಅರಳಿ ಬೇಸಿಗೆಯ ಬಾಗಿಲಲ್ಲಿ ಎಲೆ ಉದುರಿಸುತ್ತದೆ, ಅದು ರೋಗವಲ್ಲ. ಇವಕ್ಕೆ ಏನೂ ಮಾಡಬೇಡಿ, ಕಾಯಿರಿ.

ಸಾಹೇಬರು ಆ ಅಧ್ಯಾಯದ ಮೇಲೆ ಉದ್ದಕ್ಕೆ ಗೆರೆ ಎಳೆದರು. ‘ಸುಜಾತಾ ಅವರೇ, ಔಷಧವೇ ಇಲ್ಲದ ಪುಟಗಳು ಯಾಕೆ? ಏನೂ ಮಾಡಬೇಡಿ ಅಂತ ಹೇಳೋಕೆ ಪುಸ್ತಕ ಪ್ರಿಂಟ್ ಮಾಡ್ತಾರೇನ್ರಿ?’

ತಿಮ್ಮಪ್ಪ ಗದ್ದೆಯ ಬದುವಿನ ಮೇಲೆ ಕೇಳಿದ್ದನ್ನೇ ಇವರು ತಿರುಗುವ ಕುರ್ಚಿಯ ಮೇಲೆ ಕೇಳಿದರು. ಜಗಳವಾಡಿದೆ. ಅಧ್ಯಾಯ ಇಲ್ಲದೆಯೇ ಪುಸ್ತಕ ಅಚ್ಚಾಯಿತು. ಎಲೆ ಉದುರುವಿಕೆ ಎಂಬಲ್ಲಿ ಶಿಲೀಂಧ್ರನಾಶಕ ಸುರಿಯಿರಿ, ಪೋಷಕಾಂಶ ಸಿಂಪಡಿಸಿ ಎಂದು ಅವರೇ ಎರಡು ಸಾಲು ಸೇರಿಸಿದ್ದರು.

ಆಮೇಲೆ ಒಂದು ಫೆಬ್ರವರಿಯ ಕೊನೆಗೆ ನನ್ನನ್ನು ಕರೆದರು. ‘ಗಾಂಧಿನಗರದಲ್ಲಿ ನಮ್ಮ ಟೀಚರ್ ಇದಾರೆ, ಇಂದಿರಾಬಾಯಿ ಅಂತ. ನನಗೆ ಹೈಸ್ಕೂಲಿನಲ್ಲಿ ಪಾಠ ಹೇಳಿದವರು. ಅವರ ಬೋನ್ಸಾಯಿ ಒಂದು ಕೆಟ್ಟಿದೆ. ಹೋಗಿ ನೋಡಿ ಬನ್ನಿ.’

ನನಗೆ ಮೈಯುರಿಯಿತು. ನಮ್ಮವ್ವ ಕಂಡವರ ಗದ್ದೆಯಲ್ಲಿ ಬಗ್ಗಿ ಬಗ್ಗಿ ಬೆನ್ನು ಸವೆಸಿ ನನ್ನನ್ನು ಓದಿಸಿದ್ದು ಸಾಹೇಬರ ಟೀಚರ ಮನೆಯ ಕುಂಡ ನೋಡಲಿಕ್ಕೇನು? ಮಾಲಿಯನ್ನು ಕಳಿಸಿ ಎನ್ನಬೇಕೆಂದುಕೊಂಡೆ. ಆದರೆ ‘ಕೆಟ್ಟಿದೆ’ ಎಂಬ ಮಾತು ಕೇಳಿದ ಮೇಲೆ ನೋಡದೆ ಇರಲು ನನ್ನಿಂದ ಆಗುವುದಿಲ್ಲ. ಬೈದುಕೊಳ್ಳುತ್ತಲೇ ಆಟೋ ಹತ್ತಿದೆ.

ಇಂದಿರಾಬಾಯಿ ಎಪ್ಪತ್ತು ದಾಟಿದ ವೈಷ್ಣವ ಮನೆಯ ಹೆಂಗಸು. ಗಂಡ ತೀರಿಕೊಂಡು ವರ್ಷ ತುಂಬಿರಲಿಲ್ಲ. ಮೊದಲು ಕಾಫಿ ತಂದರು. ಇಂಥ ಮನೆಗಳಲ್ಲಿ ನಾನು ಲೋಟ ನೋಡುವವಳು. ಅವರ ಕೈಯಲ್ಲಿದ್ದ ಲೋಟದ ಜೋಡಿ ಲೋಟದಲ್ಲೇ ನನಗೂ ಬಂತು. ಆ ವಿಷಯ ಅಲ್ಲಿಗೆ ಮುಗಿಯಿತು.

ತಾರಸಿಯ ಮೇಲೆ, ತುಳಸಿ ಕಟ್ಟೆಯ ಪಕ್ಕ, ಅಗಲವಾದ ಕುಂಡದಲ್ಲಿ ಮೊಣಕೈ ಎತ್ತರದ ಅರಳಿ. ಕಾಂಡ ಮುದುಕರ ಕೈಯ ಹಾಗೆ ಗಂಟುಗಂಟಾಗಿ ಸೊಗಸಾಗಿತ್ತು. ಒಂದು ಎಲೆ ಇರಲಿಲ್ಲ. ಕುಂಡದ ಸುತ್ತ ಗೋಣಿತಟ್ಟು ಸುತ್ತಿ ಹುರಿಯಿಂದ ಬಿಗಿದಿದ್ದರು. ಬಳ್ಳಾರಿಯ ಬಿಸಿಲಲ್ಲಿ.

‘ಇದ್ಯಾಕ್ರಿ ಗೋಣಿ?’

‘ಪುಸ್ತಕದಾಗ ಅದ. ಚಳಿಗಾಲದಾಗ ಬೇರು ಹೆಪ್ಪುಗಟ್ಟಬಾರದು ಅಂತ.’

ಆ ಪುಸ್ತಕವನ್ನು ತಂದು ತೋರಿಸಿದರು. ಇಂಗ್ಲಿಷಿನದು, ದಪ್ಪ ಹಾಳೆ, ಅದರಲ್ಲಿನ ಕುಂಡಗಳ ಮೇಲೆ ಹಿಮ ಬಿದ್ದಿತ್ತು. ಅದರ ಹಿಂದೆಯೇ ಇನ್ನೊಂದು, ಯಾವುದೋ ಮಳೆನಾಡಿನ ಲೆಕ್ಕದಲ್ಲಿ ಬರೆದ ಕನ್ನಡ ಪುಸ್ತಕ. ಮತ್ತೊಂದು ಗಿಡಗಳಿಗೆ ಮನೆಮದ್ದು ಹೇಳುವಂಥದ್ದು. ಕಡೆಗೆ ನಮ್ಮ ಕಚೇರಿಯ ಕೈಪಿಡಿ, ಮೇಲೆ ‘ಪೂಜ್ಯ ಗುರುಗಳಿಗೆ’ ಎಂದು ಮಂಜುನಾಥ ಸಾಹೇಬರ ಸಹಿ.

ಒಂದೊಂದೇ ಕೇಳಿ ತಿಳಿದುಕೊಂಡೆ. ಜನವರಿ ಮುಗಿಯುತ್ತಲೇ ಎಲೆ ಉದುರಲು ಶುರುವಾಗಿದೆ. ಇಂದಿರಾಬಾಯಿ ಹೆದರಿದ್ದಾರೆ. ಒಂದು ಪುಸ್ತಕ ನೋಡಿ ಗೋಣಿ ಸುತ್ತಿದ್ದಾರೆ. ಇನ್ನೊಂದು ನೋಡಿ ಎರಡು ಹೊತ್ತು ನೀರು. ಮನೆಮದ್ದಿನ ಪುಸ್ತಕ ನೋಡಿ ಹುಳಿಮಜ್ಜಿಗೆಗೆ ಇಂಗು, ಅರಿಸಿನ ಕಲಸಿ ಬುಡಕ್ಕೆ. ನಮ್ಮ ಕೈಪಿಡಿ ನೋಡಿ ಶಿಲೀಂಧ್ರನಾಶಕ, ಪೋಷಕಾಂಶ. ಅದನ್ನು ಸಾಹೇಬರೇ ಜೀಪಿನಲ್ಲಿ ಕಳಿಸಿದ್ದು. ಇದೆಲ್ಲದರ ಮೇಲೆ ದಿನಾ ಪೂಜೆಗೆ ಒಂದು ತಂಬಿಗೆ ನೀರಿನ ಅಭಿಷೇಕ, ಶನಿವಾರ ಹಾಲು.

ಆ ಪುಸ್ತಕಗಳಲ್ಲಿ ಸುಳ್ಳು ಬರೆದದ್ದು ಕಡಿಮೆ. ಒಂದೊಂದೂ ಅದರ ಅದರ ಜಾಗದಲ್ಲಿ ಸರಿ. ಹಿಮ ಬೀಳುವಲ್ಲಿ ಗೋಣಿ ಬೇಕು. ಕರಿಬೇವಿಗೆ ಮಜ್ಜಿಗೆ ನಾವೂ ಹಾಕುತ್ತೇವೆ. ಉಪಯುಕ್ತ ಪುಸ್ತಕ ಎಂದು ರಕ್ಷಾಪುಟದ ಮೇಲೆ ಅಚ್ಚು ಹಾಕುತ್ತಾರೆ. ಯಾರಿಗೆ, ಯಾವ ಊರಿನಲ್ಲಿ, ಯಾವ ತಿಂಗಳಲ್ಲಿ ಉಪಯುಕ್ತ ಎಂದು ಹಾಕುವುದಿಲ್ಲ. ಹೊಸಬರೇ, ಪುಸ್ತಕ ತೆರೆಯುವ ಮೊದಲು ಬುಡದ ಮಣ್ಣಿಗೆ ಬೆರಳು ಹಾಕಿ. ನಾನು ಹಾಕಿದೆ. ಬೆರಳು ಕೆಸರಿಗೆ ಇಳಿಯಿತು, ಮೂಗಿಗೆ ಹಿಡಿದರೆ ಹಳಸಿದ ಅಂಬಲಿಯ ವಾಸನೆ.

‘ಎಲಿ ಪ್ರತಿ ವರ್ಷ ಉದುರತಿತ್ತಲ್ಲರಿ ಇದು?’

‘ಉದುರತಿತ್ತು. ಆಗ ಅವರಿದ್ರು. ನನಗ ಚಿಂತಿ ಇರಲಿಲ್ಲ.’

ಆಮೇಲೆ ಅವರು ಆ ಗಿಡದ ಕಥೆ ಹೇಳಿದರು. ಮೊದಲು ಅವರ ಮನೆ ಕೌಲ್ ಬಜಾರಿನಲ್ಲಿತ್ತಂತೆ. ಹಳೆಯ ಗೋಡೆಯ ಸಂದಿಯಲ್ಲಿ ಅರಳಿ ಹುಟ್ಟಿತ್ತು. ಬಿಟ್ಟರೆ ಗೋಡೆ ಒಡೆಯುತ್ತದೆ, ಕೀಳಲು ಯಾವ ಗೌಂಡಿಯೂ ಒಪ್ಪಲಿಲ್ಲ, ಪಾಪ ಯಾರಿಗೆ ಬೇಕು. ಕಡೆಗೆ ಗಂಡನೇ ಸ್ನಾನ ಮಾಡಿ, ಕೈಮುಗಿದು, ‘ನಿನ್ನನ್ನು ಸಾಯಗೊಡುವುದಿಲ್ಲ, ಬೇರೆ ಜಾಗ ಕೊಡುತ್ತೇನೆ’ ಎಂದು ಮಾತು ಕೊಟ್ಟು ಬಿಡಿಸಿ, ಕುಂಡಕ್ಕೆ ಹಾಕಿದರಂತೆ. ಕುಂಡದಲ್ಲಿ ಉಳಿಸುವುದು ಹೇಗೆಂದು ಪುಸ್ತಕ ತರಿಸಿ, ಕತ್ತರಿಸುವುದು, ತಂತಿ ಕಟ್ಟುವುದು ಎಲ್ಲಾ ತಾವೇ ಕಲಿತರಂತೆ.

‘ಮಾತು ಕೊಟ್ಟವರು ಹೋದ್ರು. ಮಾತು ನನ್ನ ಕೊರಳಿಗೆ ಬಿದ್ದದ,’ ಎಂದರು ಇಂದಿರಾಬಾಯಿ. ‘ಇದು ನನ್ನ ಕೈಯಾಗ ಸತ್ರ ನಾ ಅವರಿಗೆ ಯಾವ ಮುಖ ತೋರಸ್ಲಿ, ಹೇಳ್ರಿ.’

ಉಗುರಿನಿಂದ ಕಾಂಡದ ತೊಗಟೆ ಚೂರು ಗೀರಿದೆ. ಒಳಗೆ ಹಸಿರಿತ್ತು. ‘ಜೀವ ಐತ್ರಿ. ಆದ್ರ ಇವತ್ತೇ ಕುಂಡದಿಂದ ತೆಗದು, ಕೊಳೆತ ಬೇರು ಕತ್ತರಿಸಿ, ಬೇರೆ ಮಣ್ಣಿಗೆ ಹಾಕಬೇಕು.’

‘ಅಶ್ವತ್ಥಕ್ಕ ಕತ್ತರಿ ಹಚ್ಚಬೇಕಾ?’

‘ನಿಮ್ಮ ಯಜಮಾನರು ಹಚ್ಚತಿದ್ರಲ್ಲ?’

‘ಅವರು ನನ್ನ ಎದುರಿಗೆ ಎಂದೂ ಹಚ್ಚಲಿಲ್ಲ.’ ಸ್ವಲ್ಪ ಯೋಚಿಸಿ, ‘ಇವತ್ತ ಬ್ಯಾಡ. ಶುಕ್ರವಾರ. ನಾಳೆ ಶನಿವಾರ ಮುಟ್ಟಬಹುದು, ಕತ್ತರಿಸಬಾರದು. ರವಿವಾರ ಅದನ್ನ ಮುಟ್ಟೋದೇ ಇಲ್ಲ. ಸೋಮವಾರ ಅಮಾಸಿ.’

ನಾನು ತಲೆಗೆ ಕೈ ಹಚ್ಚಿಕೊಂಡೆ. ‘ಬಾಯಿಯವರ, ಬೇರು ಕೊಳಿಯೋದಕ್ಕ ರವಿವಾರ ಸೂಟಿ ಇಲ್ರಿ.’

ಅವರು ನನ್ನನ್ನೇ ದಿಟ್ಟಿಸಿದರು. ‘ನೀವು ಇದಕ್ಕ ಕೈಮುಗೀತೀರೋ ಇಲ್ಲೋ?’

‘ನಮ್ಮ ಮನಿಯಾಗ ಬುದ್ಧನ ಪಟ ಐತ್ರಿ. ಅವನ ಬೆನ್ನ ಹಿಂದ ಇದೇ ಗಿಡ ಐತಿ.’

‘ಹಂಗಾರ ನಿಮಗೂ ಭಕ್ತಿ ಅದ.’

‘ಐತ್ರಿ. ಅದಕ್ಕ ಕೊಳೆತದ್ದನ್ನ ಒಳಗ ಬಿಟ್ಟು ಮ್ಯಾಲ ಹಾಲು ಹುಯ್ಯಾಕ ಮನಸು ಬರವಲ್ದು.’

ಇಂದಿರಾಬಾಯಿ ಒಳಗೆ ಹೋದರು. ಮುಗಿಯಿತು, ಸಾಹೇಬರಿಗೆ ಫೋನು ಹೋಗುತ್ತದೆ ಎಂದುಕೊಂಡೆ. ಅವರು ಆರತಿ ತಟ್ಟೆ ಹಿಡಿದು ಬಂದರು. ಮರಕ್ಕೆ ಆರತಿ ಎತ್ತಿ, ಬಗ್ಗಿ ಅದಕ್ಕೇ ಕೇಳುವಷ್ಟು ಮೆಲ್ಲಗೆ ಏನೋ ಹೇಳಿದರು. ಆಮೇಲೆ ತಾರಸಿಯ ಗೋಡೆಗೆ ಮುಖ ಮಾಡಿ ನಿಂತರು. ‘ಮಾಡ್ರಿ. ನಾ ನೋಡೂದಿಲ್ಲ.’

ಬಿಚ್ಚಿದರೆ ಬೇರು ಅರ್ಧಕ್ಕರ್ಧ ಕಪ್ಪಾಗಿ, ಮುಟ್ಟಿದರೆ ತೊಗಟೆ ಕೈಗೆ ಬರುತ್ತಿತ್ತು. ಗಟ್ಟಿ ಬೇರು ಸಿಗುವವರೆಗೆ ಕತ್ತರಿಸಿದೆ. ಪ್ರತಿ ಸಲ ಕತ್ತರಿಯ ಸದ್ದಿಗೆ ಇಂದಿರಾಬಾಯಿಯವರ ಹೆಗಲು ಅಲುಗುತ್ತಿತ್ತು. ‘ಇನ್ನ ಎಷ್ಟದ?’ ಎಂದು ಗೋಡೆಯನ್ನೇ ಕೇಳುತ್ತಿದ್ದರು. ದಪ್ಪ ಮರಳು, ಇಟ್ಟಿಗೆಯ ಚೂರು, ಸ್ವಲ್ಪ ಹಳೆ ಗೊಬ್ಬರ ಹಾಕಿ ಮತ್ತೆ ಕೂರಿಸಿ, ನೆರಳಿನ ಮೂಲೆಗೆ ಸರಿಸಿದೆ.

ನೀರಿನ ವಿಷಯಕ್ಕೆ ದೊಡ್ಡ ವಾದವಾಯಿತು. ಅಭಿಷೇಕ ಬಿಡುವಂತಿಲ್ಲ. ಕೊನೆಗೆ ನಾನು ಕೇಳಿದೆ, ಒಳಗೆ ದೇವರಿಗೆ ಎಷ್ಟು ನೀರು ಹಾಕುತ್ತೀರಿ? ಉದ್ಧರಣೆಯಿಂದ, ಎಂದರು. ಪೂಜೆಯ ಆ ಪುಟ್ಟ ಚಮಚದಿಂದ. ‘ದೇವರಿಗೆ ಉದ್ಧರಣಿ ಸಾಕಾದ್ರ ಇದಕ್ಯಾಕ ತಂಬಿಗಿ?’ ಎಂದೆ. ಅವರು ನಕ್ಕರು. ಪೂಜೆಗೆ ಒಂದು ಉದ್ಧರಣೆ. ಉಳಿದಂತೆ, ಉರಿದು ಉಳಿದ ಊದುಬತ್ತಿ ಕಡ್ಡಿಯನ್ನು ಮಣ್ಣಿಗೆ ಚುಚ್ಚಿ ತೆಗೆಯುವುದು, ಕಡ್ಡಿ ಒಣಗಿ ಬಂದರೆ ಮಾತ್ರ ನೀರು. ಮಜ್ಜಿಗೆ ಇಲ್ಲ, ಔಷಧ ಇಲ್ಲ, ಪುಸ್ತಕಗಳು ಕಪಾಟಿನಲ್ಲಿ.

ಆಮೇಲೆ ಕಾಯುವುದು. ನಿಜವಾದ ಕಷ್ಟ ಅದು. ಬೆಳಿಗ್ಗೆ ನಾನು ಹಲ್ಲುಜ್ಜುವ ಹೊತ್ತಿಗೆ ಫೋನು. ‘ಇನ್ನೂ ಏನೂ ಬಂದಿಲ್ಲ.’ ‘ಬರೂದಿಲ್ರಿ ಇಷ್ಟು ಬೇಗ.’ ‘ಒಂದು ಚೂರು ಗೊಬ್ಬರ?’ ‘ಬ್ಯಾಡ್ರಿ.’ ‘ಬರೇ ನೀರಿನ ಕೈ ಸವರಲಾ?’ ‘ಬ್ಯಾಡ್ರಿ.’ ಹೀಗೇ ವಾರಗಳು ಹೋದವು. ನಡುವೆ ಒಮ್ಮೆ ಹೋಗಿ ನೋಡಿದರೆ ಕಾಂಡದ ತುಂಬ ಗೀರುಗಳು. ನಾನು ಮಾಡಿದ್ದನ್ನು ನೋಡಿ ದಿನಾ ಉಗುರಿನಿಂದ ಗೀರಿ, ಒಳಗೆ ಹಸಿರಿದೆಯೇ ಎಂದು ಪರೀಕ್ಷೆ ಮಾಡುತ್ತಿದ್ದರು.

‘ಜೀವ ಐತೋ ಇಲ್ಲೋ ನೋಡಿ ನೋಡಿ ಜೀವ ತೆಗೀತೀರಿ,’ ಎಂದು ಸಿಟ್ಟಿನಿಂದಲೇ ಅಂದೆ. ಎಪ್ಪತ್ತು ದಾಟಿದ ಟೀಚರು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡರು. ನನಗೇ ಒಂಥರಾ ಆಯಿತು. ಆದರೂ ಹೇಳಿದ ಮಾತು ವಾಪಸು ತೆಗೆದುಕೊಳ್ಳಲಿಲ್ಲ. ಆ ಗೀರುಗಳು ಕಾಯಲು ಬಾರದವರ ಕೆಲಸ, ಪ್ರೀತಿಯಿಂದ ಮಾಡಿದರೂ ಅಷ್ಟೇ.

ಈ ನಡುವೆಯೇ ನಾನು ನಿವೃತ್ತಳಾದೆ. ಫೋನು ನಿಲ್ಲಲಿಲ್ಲ. ಇವರಿಗೆ ನನ್ನ ನಿವೃತ್ತಿಯ ಆದೇಶ ತಲುಪಿಲ್ಲವೇನೋ ಎಂದು ಮನೆಯಲ್ಲಿ ಗೊಣಗಿದೆ. ಏಪ್ರಿಲ್ ಬಂತು, ಊರು ಕಾದ ಹೆಂಚಾಯಿತು. ಬಯಲಿನ ಅರಳಿಗಳೆಲ್ಲ ಯಾವತ್ತೋ ಚಿಗುರಿ ನಿಂತಿದ್ದವು. ಗಾಂಧಿನಗರದ ತಾರಸಿಯದು ಬರೀ ಕಡ್ಡಿ. ನನಗೂ ಒಳಗೊಳಗೆ ಹೆದರಿಕೆ. ಬೇರು ಹೆಚ್ಚು ಕತ್ತರಿಸಿದೆನೇ ಎಂದು. ಆ ಹೆದರಿಕೆಯನ್ನು ಇಂದಿರಾಬಾಯಿಗೆ ತೋರಿಸುವಂತಿರಲಿಲ್ಲ. ತೋರಿಸಿದರೆ ಮಜ್ಜಿಗೆ ಹೊರಬರುತ್ತದೆ.

ಒಂದು ಬೆಳಿಗ್ಗೆ ಫೋನು ಬರಲಿಲ್ಲ. ಮರುದಿನವೂ ಬರಲಿಲ್ಲ. ಗಿಡ ಸತ್ತಿದೆ, ನನಗೆ ಹೇಳಲು ಬಾಯಿ ಬರುತ್ತಿಲ್ಲ ಎಂದುಕೊಂಡು ನಾನೇ ಮಾಡಿದೆ.

‘ಬಂದಾವ,’ ಎಂದರು. ಧ್ವನಿ ಪಿಸುಮಾತಿನದು. ‘ನಿನ್ನೆನೇ ಬಂದಾವ. ಮೂರು ಕಡೆ. ಯಾರಿಗೂ ಹೇಳಬಾರದು ಅನಸ್ತು. ಹೇಳಿದ್ರ ಎಲ್ಲಾರೂ ನೋಡಾಕ ಬರ್ತಾರ, ಬಂದವರು ಏನಾರ ಹೇಳ್ತಾರ.’

ಅವರು ಸರಿಯಾಗಿಯೇ ಹೇಳಿದ್ದರು. ವಾರದೊಳಗೆ ಮಂಜುನಾಥ ಸಾಹೇಬರು ಗುರುಗಳನ್ನು ಮಾತಾಡಿಸಲು ಬಂದರು. ಹೊಸ ಎಲೆ ಕಂಡರು. ಅರಳಿಯ ಎಳೆ ಎಲೆ ತಾಮ್ರದ ಬಣ್ಣಕ್ಕಿರುತ್ತದೆ, ರಸ್ತೆ ಬದಿಯ ಮರ ನೋಡಿದವರಿಗೆಲ್ಲ ಗೊತ್ತು. ಸಾಹೇಬರು ಮರ ನೋಡಲಿಲ್ಲ. ಫೋನು ತೆಗೆದು ಫೋಟೋ ಹೊಡೆದರು. ಆ್ಯಪ್ ‘ರಂಜಕದ ಕೊರತೆ’ ಎಂದು ಹೇಳಿತು. ಸಂಜೆಗೆ ಡ್ರೈವರ್ ಕೈಯಲ್ಲಿ ಒಂದು ಪೊಟ್ಟಣ, ಒಂದು ಬಾಟಲಿ ಬಂದವು.

ಇಂದಿರಾಬಾಯಿ ನನಗೆ ಫೋನು ಮಾಡಿ ಇದನ್ನೆಲ್ಲ ಹೇಳಿದರು. ನಾನು ‘ಹಾಕಬ್ಯಾಡ್ರಿ’ ಎನ್ನಲು ಬಾಯಿ ತೆರೆದೆ.

‘ಹಾಕಿಲ್ಲ,’ ಎಂದರು. ‘ಅದನ್ನ ಕೇಳಾಕ ಫೋನ್ ಮಾಡಿಲ್ಲ ನಾ. ಎಲಿ ಮುಟ್ಟಿ ನೋಡೀನಿ, ಕೂಸಿನ ಕಿವಿ ಇದ್ದಂಗ ಅದಾವ. ರೋಗ ಇದ್ದದ್ದು ಹಂಗಿರೂದಿಲ್ಲ. ರವಿವಾರ ಮಂಜ್ಯಾಗ ಬಾ ಅಂದೀನಿ. ನೀವೂ ಬರ್ರಿ.’

‘ನಾನ್ಯಾಕ್ರಿ? ನಾ ರಿಟೈರ್ ಆಗೀನಿ.’

‘ನಾ ರಿಟೈರ್ ಆಗಿ ಎಷ್ಟು ವರ್ಷಾತು, ಅವನ ಪಾಠ ಇನ್ನೂ ಮುಗಿದಿಲ್ಲ. ಸಾಲ್ಯಾಗೂ ಹಿಂಗ ಇದ್ದ. ಸರಿ ಬರದ ಉತ್ತರ ಮತ್ತ ತಿದ್ದಿ ತಪ್ಪು ಮಾಡಿ ಕೊಡತಿದ್ದ. ಬರ್ರಿ, ಉಪ್ಪಿಟ್ಟು ಮಾಡ್ತೀನಿ.’

ಹೋದೆ. ಉಪ್ಪಿಟ್ಟು ಆಯಿತು, ಕಾಫಿ ಆಯಿತು. ಮೂವರೂ ತಾರಸಿಗೆ ಹತ್ತಿದೆವು. ಇಂದಿರಾಬಾಯಿ ಕುಂಡದ ಎದುರು ಮೂರು ಮಣೆ ಹಾಕಿ, ನಡುವಿನದಕ್ಕೆ ಸಾಹೇಬರನ್ನು ಕೂರಿಸಿದರು.

‘ಟೀಚರ್, ಔಷಧ ಹಾಕಿದ್ರಾ?’

‘ಇಲ್ಲ.’

‘ಯಾಕೆ ಟೀಚರ್?’

‘ಸುಮ್ಮನ ಕೂಡು. ನೋಡು.’

ನೋಡುತ್ತ ಕುಳಿತೆವು. ಗಾಳಿಯಿಲ್ಲದಿದ್ದರೂ ಅರಳಿಯ ಎಲೆ ಅಲುಗುತ್ತದೆ, ಅಷ್ಟು ಸಣ್ಣವೂ ಅಲುಗುತ್ತಿದ್ದವು. ಮೊದಲು ಬಂದ ಎಲೆಯ ನರದ ಗುಂಟ ಆಗಲೇ ಹಸಿರು ಇಳಿಯುತ್ತಿತ್ತು. ಸಾಹೇಬರು ಒಮ್ಮೆ ನನ್ನ ಕಡೆ ನೋಡಿದರು. ಮೇಲಧಿಕಾರಿಯ ಎದುರು ಏನೂ ಹೇಳದೆ ಕುಳಿತುಕೊಂಡು ಅಷ್ಟು ಸುಖ ಪಟ್ಟದ್ದು ಅದೇ ಮೊದಲು. ಅವರು ಕಿಸೆಗೆ ಕೈ ಹಾಕಿ ಫೋನು ಮುಟ್ಟಿದರು, ಬಿಟ್ಟರು. ಮಣೆಯ ಮೇಲೆ ಸರಿದು ಕುಳಿತರು. ಆಮೇಲೆ, ಕುಂಡ ಒಂದಿಷ್ಟು ಓರೆಯಾಗಿದೆ ಅನ್ನಿಸಿತೋ ಏನೋ, ಮೆಲ್ಲಗೆ ಮುಂದೆ ಬಗ್ಗಿದರು.

ಇಂದಿರಾಬಾಯಿ ತಲೆ ತಿರುಗಿಸಲೂ ಇಲ್ಲ.

‘ಮಂಜ್ಯಾ,’ ಎಂದರು, ‘ಕೈ.’